ಕಾರಿನ ಹೀಟರ್ ತಾಪಮಾನ ಸೆನ್ಸರ್: ದೋಷ ಪತ್ತೆಯ ಕ್ರಮ

ಕಾರಿನ ಹೀಟರಿನಲ್ಲಿ ಹರಿಯುವ ನೀರಿನ ಅಥವಾ ಅದರಿಂದ ಹೊರಡುವ ಗಾಳಿಯ ಬಿಸಿಯನ್ನು ಅಳೆದು, ಆ ಅಳತೆಯನ್ನು ವಿದ್ಯುತ್ ಸಂಕೇತವಾಗಿ ಹವಾನಿಯಂತ್ರಣದ ಕಂಪ್ಯೂಟರಿಗೆ ತಲುಪಿಸುವ ಸಣ್ಣ ಬಿಡಿಭಾಗವೇ ಹೀಟರ್ ತಾಪಮಾನ ಸೆನ್ಸರ್. ಬೆರಳ ತುದಿಯಷ್ಟು ಗಾತ್ರ, ಎರಡು ತಂತಿ, ಚಲಿಸುವ ಭಾಗ ಒಂದೂ ಇಲ್ಲ. ಆದರೂ ಇದು ಸುಳ್ಳು ಹೇಳತೊಡಗಿದರೆ ಸುಡುಬೇಸಿಗೆಯಲ್ಲಿ ಕಾಲಿಗೆ ಬಿಸಿಗಾಳಿ ಬಡಿಯಬಹುದು, ಚಳಿಯಲ್ಲಿ ಬ್ಲೋವರ್ ತಿರುಗದೆ ಕೂರಬಹುದು, ಗಾಜಿಗೆ ಕವಿದ ಮಂಜು ಬಿಡದೆ ಮುಂದಿನ ರಸ್ತೆಯೇ ಕಾಣದಾಗಬಹುದು. ಗ್ಯಾರೇಜುಗಳಲ್ಲಿ ಈ ಸೆನ್ಸರಿಗೆ ಎರಡು ಬಗೆಯ ಅನ್ಯಾಯ ಆಗುತ್ತದೆ. ನಿಜಕ್ಕೂ ಕೆಟ್ಟಾಗ ಯಾರೂ ಅದರತ್ತ ನೋಡುವುದಿಲ್ಲ. ದೋಷ ಓದುವ ಸ್ಕ್ಯಾನರಿನಲ್ಲಿ ಅದರ ಹೆಸರು ಬಂದರೆ ಸಾಕು, ತಪ್ಪು ತಂತಿಯದೋ ನೀರಿನದೋ ಆಗಿದ್ದರೂ ಅದನ್ನೇ ಕಿತ್ತು ಹೊಸದನ್ನು ಹಾಕಿಬಿಡುತ್ತಾರೆ. ಅಳೆಯದೆ ಬದಲಿಸಬಾರದು ಎಂಬುದು ಈ ಕೆಲಸದ ಮೊದಲ ನಿಯಮ.

ಹೀಟರಿನ ರಚನೆ

ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಲ್ಲಿ ಒಳಗನ್ನು ಬೆಚ್ಚಗಿಡಲು ಬೇರೆ ಇಂಧನ ಬೇಕಿಲ್ಲ. ಎಂಜಿನ್ನನ್ನು ತಣಿಸಲು ಸುತ್ತುವ ನೀರಿನ, ಅಂದರೆ ಕೂಲೆಂಟಿನ, ಒಂದು ಪಾಲು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಹೋಗಿಬರುತ್ತದೆ. ಇದನ್ನು ಹೀಟರ್ ಕೋರ್ ಎನ್ನುತ್ತಾರೆ. ಬ್ಲೋವರ್ ಅದರ ಮೂಲಕ ಗಾಳಿಯನ್ನು ತಳ್ಳುತ್ತದೆ. ಎಂಜಿನ್ನಿನ ಥರ್ಮೋಸ್ಟಾಟ್ ವಾಲ್ವ್ ಸಾಮಾನ್ಯವಾಗಿ 82ರಿಂದ 92 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆದುಕೊಳ್ಳುವುದರಿಂದ, ಎಂಜಿನ್ ಪೂರ್ತಿ ಕಾದ ಮೇಲೆ ಹೀಟರಿಗೂ ಅಷ್ಟೇ ಬಿಸಿಯ ನೀರು ಸಿಗುತ್ತದೆ.

ಬಿಸಿಯನ್ನು ಏರಿಳಿಸಲು ಎರಡು ದಾರಿಗಳಿವೆ. ಜಪಾನಿನ, ಕೊರಿಯಾದ, ಭಾರತದ ಬಹುತೇಕ ಕಾರುಗಳಲ್ಲಿ ಹೀಟರ್ ಕೋರಿನ ಮುಂದೆ ಒಂದು ಫ್ಲಾಪ್ ಇರುತ್ತದೆ. ಎಷ್ಟು ಗಾಳಿ ಬಿಸಿ ಕೋರಿನ ಮೂಲಕ ಹಾಯಬೇಕು, ಎಷ್ಟು ಪಕ್ಕದಿಂದ ಹೋಗಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ. 1990ರ ದಶಕದ ಮರ್ಸಿಡಿಸ್-ಬೆನ್ಜ್ ಎಸ್-ಕ್ಲಾಸಿನಂಥ ಜರ್ಮನ್ ಕಾರುಗಳಲ್ಲಿ ಹರಿಯುವ ನೀರನ್ನೇ ವಾಲ್ವಿನಿಂದ ಹಿಡಿದು ಬಿಡುತ್ತಾರೆ. ಎಡಕ್ಕೊಂದು ಬಲಕ್ಕೊಂದು ವಾಲ್ವ್, ಹಾಗೆಯೇ ಎರಡೂ ಬದಿಗೆ ಒಂದೊಂದು ಸೆನ್ಸರ್. ಈ ವ್ಯವಸ್ಥೆಯಲ್ಲಿ ಹೀಟರ್ ಸೆನ್ಸರಿನ ಮಾತೇ ಕೊನೆಯ ಮಾತು. ವಾಲ್ವ್ ಎಷ್ಟು ತೆರೆಯಬೇಕೆಂಬುದು ಅದರ ಮೇಲೆ ನಿಂತಿದೆ. ಈ ವಾಲ್ವುಗಳು ವಿದ್ಯುತ್ ಸಿಕ್ಕಾಗ ಮುಚ್ಚುತ್ತವೆ, ಸಿಗದಿದ್ದಾಗ ತೆರೆದೇ ಇರುತ್ತವೆ. ಹೀಗಾಗಿ ಫ್ಯೂಸ್ ಹೋದರೂ ಕಾರಿನೊಳಗೆ ಬಿಸಿಗಾಳಿ ನುಗ್ಗುತ್ತದೆ. ಚಳಿ ದೇಶದ ಎಂಜಿನಿಯರುಗಳು ಬೇಕೆಂದೇ ಮಾಡಿದ ಏರ್ಪಾಡು ಇದು: ಏನೇ ಕೆಟ್ಟರೂ ಗಾಜಿನ ಮೇಲಿನ ಹಿಮ ಕರಗಬೇಕು. ಅಮೆರಿಕದಲ್ಲಿ ಮುಂಗಾಜಿನ ಮಂಜು ಮತ್ತು ಹಿಮ ತೆಗೆಯುವ ವ್ಯವಸ್ಥೆಗೆ ಕೇಂದ್ರ ಸರ್ಕಾರದ ಪ್ರತ್ಯೇಕ ಸುರಕ್ಷತಾ ಮಾನದಂಡವೇ ಇದೆ, ಅದರ ಸಂಖ್ಯೆ 103. ಅಲ್ಲಿ ಹೀಟರ್ ಎಂದರೆ ಸೌಕರ್ಯಕ್ಕಿಂತ ಮೊದಲು ಸುರಕ್ಷತೆ.

ಎಲ್ಲ ಕಾರುಗಳಲ್ಲೂ ಹೀಟರಿಗೆಂದೇ ಬೇರೆ ಸೆನ್ಸರ್ ಇರುವುದಿಲ್ಲ. ಕೆಲವು ಮಾದರಿಗಳಲ್ಲಿ ಅದು ಹೀಟರ್ ಕೋರಿಗೆ ಅಂಟಿಕೊಂಡಿರುತ್ತದೆ, ಕೆಲವದರಲ್ಲಿ ಗಾಳಿ ಹೊರಬರುವ ಕೊಳವೆಯಲ್ಲಿರುತ್ತದೆ. ಇನ್ನುಳಿದವು ಎಂಜಿನ್ನಿನ ಕೂಲೆಂಟ್ ಸೆನ್ಸರ್ ಕೊಡುವ ಅಂಕಿಯನ್ನೇ ಎರವಲು ಪಡೆಯುತ್ತವೆ. ದೋಷ ಹುಡುಕುವ ಮುನ್ನ ಆ ಮಾದರಿಯ ಸರ್ವಿಸ್ ಪುಸ್ತಕ ನೋಡಿ ಸೆನ್ಸರ್ ಎಲ್ಲಿದೆ, ಎಷ್ಟಿವೆ ಎಂದು ತಿಳಿದುಕೊಳ್ಳುವುದು ಇದಕ್ಕಾಗಿಯೇ.

ಸೆನ್ಸರ್ ಅಳೆಯುವ ಬಗೆ

ಸೆನ್ಸರಿನೊಳಗಿರುವುದು ಲೋಹದ ಆಕ್ಸೈಡುಗಳನ್ನು ಸುಟ್ಟು ಗಟ್ಟಿಮಾಡಿದ ಒಂದು ಚೂರು, ಥರ್ಮಿಸ್ಟರ್. ಬಿಸಿ ಏರಿದಂತೆ ಇದರ ವಿದ್ಯುತ್ ರೋಧ ಇಳಿಯುತ್ತದೆ. ತಾಮ್ರದ ತಂತಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಬಿಸಿ ಏರಿದಂತೆ ರೋಧ ಇಳಿಯುವ ಗುಣವನ್ನು ಮೈಕೆಲ್ ಫ್ಯಾರಡೆ 1833ರಲ್ಲಿ ಬೆಳ್ಳಿಯ ಸಲ್ಫೈಡಿನಲ್ಲಿ ಗಮನಿಸಿದ್ದರು. ಇಂಥ ಅಳತೆಯನ್ನು ನೆಚ್ಚಿ ಕಾರಿನೊಳಗಿನ ಬಿಸಿಯನ್ನು ತಾನಾಗಿ ಕಾಯ್ದುಕೊಳ್ಳುವ ವ್ಯವಸ್ಥೆ ಬಂದದ್ದು 1964ರ ಕ್ಯಾಡಿಲಾಕ್ ಕಾರುಗಳಲ್ಲಿ. ಒಮ್ಮೆ ಬೇಕಾದ ಡಿಗ್ರಿಗೆ ಇಟ್ಟರೆ ಹೀಟರ್ ಮತ್ತು ಎಸಿ ಎರಡನ್ನೂ ಅದೇ ನೋಡಿಕೊಳ್ಳುತ್ತಿತ್ತು.

ಯುರೋಪಿನ ಹಲವು ಕಾರುಗಳಲ್ಲಿ ಬಳಕೆಯಲ್ಲಿರುವ ಬಾಷ್ ಮಾದರಿಯೊಂದರ ಅಂಕಿಗಳನ್ನು ನೋಡಬಹುದು. 0 ಡಿಗ್ರಿಯಲ್ಲಿ ರೋಧ ಸುಮಾರು 5,900 ಓಮ್, 20ರಲ್ಲಿ 2,500, 50ರಲ್ಲಿ ಸುಮಾರು 830, 80ರಲ್ಲಿ ಸುಮಾರು 320, 100ರಲ್ಲಿ 187ರ ಆಸುಪಾಸು. ತಣ್ಣಗಿರುವಾಗ ಒಂದು ಡಿಗ್ರಿಗೆ ನೂರಾರು ಓಮ್ ಬದಲಾಗುತ್ತದೆ; ಕಾದ ಮೇಲೆ ಬದಲಾಗುವುದು ಬೆರಳೆಣಿಕೆಯಷ್ಟು ಮಾತ್ರ. ದೋಷದ ಅರ್ಧ ಗುಟ್ಟು ಈ ವ್ಯತ್ಯಾಸದಲ್ಲೇ ಅಡಗಿದೆ.

ಕಂಪ್ಯೂಟರ್ ರೋಧವನ್ನು ನೇರವಾಗಿ ಅಳೆಯುವುದಿಲ್ಲ. ತನ್ನೊಳಗಿನ ಒಂದು ಸ್ಥಿರ ರೋಧಕದ ಮೂಲಕ 5 ವೋಲ್ಟ್ ಕಳಿಸಿ, ಸೆನ್ಸರಿನ ಬಳಿ ಎಷ್ಟು ವೋಲ್ಟ್ ಉಳಿಯಿತೆಂದು ನೋಡುತ್ತದೆ. ಸ್ಥಿರ ರೋಧಕವೂ 2,500 ಓಮ್ ಎಂದಿಟ್ಟುಕೊಂಡರೆ 20 ಡಿಗ್ರಿಯಲ್ಲಿ 2.5 ವೋಲ್ಟ್ ಸಿಗುತ್ತದೆ, 80 ಡಿಗ್ರಿಯಲ್ಲಿ ಸುಮಾರು 0.57 ವೋಲ್ಟ್. ತಂತಿ ತುಂಡಾದರೆ ಪೂರ್ತಿ 5 ವೋಲ್ಟ್ ಉಳಿಯುತ್ತದೆ. ಆಗ ಕಂಪ್ಯೂಟರ್ ಅದನ್ನು ಘೋರ ಚಳಿ ಎಂದು ಓದುತ್ತದೆ. ಎರಡು ತಂತಿ ಒಂದಕ್ಕೊಂದು ತಾಗಿದರೆ ವೋಲ್ಟೇಜ್ ಸೊನ್ನೆಗಿಳಿದು ವಿಪರೀತ ಬಿಸಿ ಎಂದು ತೋರುತ್ತದೆ.

ಸ್ಕ್ಯಾನರ್ ಪರದೆಯ ಮೇಲೆ ಮೈನಸ್ 40 ಡಿಗ್ರಿ ಎಂದು ಬಂದರೆ ಅದು ಹವಾಮಾನದ ವರದಿಯಲ್ಲ. ಕೂಲೆಂಟಿನ ತಾಪಮಾನ ಸ್ಕ್ಯಾನರಿಗೆ 0ರಿಂದ 255ರವರೆಗಿನ ಒಂದು ಸಂಖ್ಯೆಯಾಗಿ ಹೋಗುತ್ತದೆ, ಸ್ಕ್ಯಾನರ್ ಅದರಿಂದ 40 ಕಳೆದು ತೋರಿಸುತ್ತದೆ. ಹೀಗಾಗಿ ಅದು ತೋರಿಸಬಲ್ಲ ಅತಿ ಕಡಿಮೆ ಅಂಕಿ ಮೈನಸ್ 40, ಅತಿ ಹೆಚ್ಚು 215. ಭಾರತದ ಬಯಲು ಸೀಮೆಯಲ್ಲಿ ಮೈನಸ್ 40 ಕಂಡರೆ ಎಲ್ಲೋ ತಂತಿ ಬಿಟ್ಟಿದೆ, ತಂತಿಯನ್ನು ಸೆನ್ಸರಿಗೆ ಜೋಡಿಸುವ ಕಪ್ಲರ್ ಕಳಚಿದೆ ಅಥವಾ ಸೆನ್ಸರಿನ ಒಳಗೆ ಸಂಪರ್ಕ ಕಡಿದಿದೆ ಎಂದೇ ತಿಳಿಯಬೇಕು.

ಕೆಟ್ಟಾಗ ಕಾಣುವ ಲಕ್ಷಣಗಳು

ಸೆನ್ಸರ್ ಸದಾ ತಣ್ಣನೆಯ ಅಂಕಿ ಕೊಡುತ್ತಿದ್ದರೆ ಆಟೋಮ್ಯಾಟಿಕ್ ಹವಾನಿಯಂತ್ರಣವಿರುವ ಕಾರು ವಿಚಿತ್ರವಾಗಿ ವರ್ತಿಸುತ್ತದೆ. ಟೊಯೊಟಾದ ಹಲವು ಮಾದರಿಗಳಲ್ಲಿ ನೀರು ಕಾಯುವ ತನಕ ಬ್ಲೋವರ್ ಜೋರಾಗಿ ತಿರುಗದು. ಪ್ರಯಾಣಿಕರ ಮುಖಕ್ಕೆ ತಣ್ಣನೆಯ ಗಾಳಿ ಹೊಡೆಯಬಾರದೆಂಬುದು ಉದ್ದೇಶ. ಸೆನ್ಸರಿನ ತಂತಿ ತುಂಡಾದರೆ ನೀರು ಇನ್ನೂ ಕಾದಿಲ್ಲ ಎಂದೇ ಕಂಪ್ಯೂಟರ್ ಭಾವಿಸುತ್ತದೆ, ಬ್ಲೋವರ್ ಮಂದವಾಗಿಯೇ ಉಳಿಯುತ್ತದೆ. ಕೈಯಿಂದ ವೇಗ ಹೆಚ್ಚಿಸಿದರೆ ಮಾತ್ರ ಸರಿಯಾಗಿ ಬಿಸಿಗಾಳಿ ಬರುತ್ತದೆ. ಆಟೋ ಇಟ್ಟಾಗ ತೊಂದರೆ, ಕೈಯಿಂದ ನಡೆಸಿದಾಗ ಸರಿ: ಈ ಜೋಡಿ ಕಂಡರೆ ಅನುಮಾನವನ್ನು ಬ್ಲೋವರಿನಿಂದ ಸೆನ್ಸರ್ ಕಡೆಗೆ ತಿರುಗಿಸಬೇಕು.

ನೀರಿನ ವಾಲ್ವ್ ಇರುವ ಕಾರುಗಳಲ್ಲಿ ಒಂದು ಬದಿಯ ಸೆನ್ಸರ್ ಕೆಟ್ಟರೆ ಚಾಲಕನಿಗೆ ಸೆಕೆ, ಪಕ್ಕದವರಿಗೆ ಚಳಿ.

ಪೂರ್ತಿ ಕೆಟ್ಟ ಸೆನ್ಸರಿಗಿಂತ ಅರೆ ಕೆಟ್ಟದ್ದನ್ನು ಹಿಡಿಯುವುದು ಕಷ್ಟ. ಕಪ್ಲರಿನ ಪಿನ್ನಿಗೆ ಕಿಲುಬು ಹಿಡಿದು 500 ಓಮ್ ರೋಧ ಹೆಚ್ಚಿಗೆ ಸೇರಿಕೊಂಡಿದೆ ಎಂದುಕೊಳ್ಳೋಣ. ಮೇಲಿನ ಬಾಷ್ ಅಂಕಿಗಳ ಪ್ರಕಾರ 20 ಡಿಗ್ರಿಯ ಮುಂಜಾನೆಯಲ್ಲಿ 2,500ರ ಬದಲು 3,000 ಓಮ್ ಆಗುತ್ತದೆ. ಕಂಪ್ಯೂಟರ್ 16 ಡಿಗ್ರಿ ಎಂದು ಓದುತ್ತದೆ, ಯಾರ ಗಮನಕ್ಕೂ ಬಾರದು. ಅದೇ ಎಂಜಿನ್ 80 ಡಿಗ್ರಿಗೆ ಕಾದಾಗ 320 ಓಮ್ ಇರಬೇಕಾದಲ್ಲಿ 820 ಆಗಿ, 50 ಡಿಗ್ರಿ ಎಂದು ತೋರುತ್ತದೆ. ಬೆಳಗ್ಗೆ ಸರಿಯಾಗಿದ್ದದ್ದು ಅರ್ಧ ಗಂಟೆ ಓಡಿದ ಮೇಲೆ 30 ಡಿಗ್ರಿ ತಪ್ಪು. ಕಪ್ಲರಿನೊಳಗೆ ನೀರು ನುಗ್ಗಿದಾಗ ಆಗುವುದು ಇದರ ವಿರುದ್ಧ: ಎರಡು ಪಿನ್ನುಗಳ ನಡುವೆ ವಿದ್ಯುತ್ ಸೋರಿ ರೋಧ ಇಳಿಯುತ್ತದೆ, ತಣ್ಣಗಿರುವಾಗಲೇ ಬಿಸಿ ಎಂದು ಓದುತ್ತದೆ.

ಕೋಡ್ ಹೇಳುವುದೇನು

ಎಂಜಿನ್ ಕಂಪ್ಯೂಟರಿನ ದೋಷದ ಕೋಡುಗಳನ್ನು ಒಂದೇ ಬಗೆಯ ಸಾಕೆಟಿನಿಂದ ಓದುವ ಒಬಿಡಿ-2 ಪದ್ಧತಿ ಅಮೆರಿಕದಲ್ಲಿ 1996ರಿಂದ ಕಡ್ಡಾಯವಾಯಿತು, ಭಾರತದಲ್ಲಿ 2013ರ ಏಪ್ರಿಲ್‌ನಿಂದ. ಕೂಲೆಂಟ್ ಸೆನ್ಸರಿಗೆ ಸಂಬಂಧಿಸಿದ ಸಾಮಾನ್ಯ ಕೋಡುಗಳು ಇವು: ಪಿ0117 ಎಂದರೆ ಸಂಕೇತದ ವೋಲ್ಟೇಜ್ ತೀರಾ ಕಡಿಮೆ, ಪಿ0118 ಎಂದರೆ ತೀರಾ ಹೆಚ್ಚು, ಪಿ0116 ಎಂದರೆ ಅಂಕಿ ನಂಬುವಂತಿಲ್ಲ, ಪಿ0128 ಎಂದರೆ ಎಂಜಿನ್ ಥರ್ಮೋಸ್ಟಾಟಿನ ಮಟ್ಟಕ್ಕೆ ಕಾಯುತ್ತಿಲ್ಲ. ಇವುಗಳಲ್ಲಿ ಯಾವುದೂ ಸೆನ್ಸರ್ ಕೆಟ್ಟಿದೆ ಎಂದು ಹೇಳುವುದಿಲ್ಲ. ಮೊದಲ ಎರಡು ತಂತಿ, ಕಪ್ಲರ್, ಸೆನ್ಸರ್ ಸೇರಿದ ಇಡೀ ಸರ್ಕ್ಯೂಟಿನ ಬಗ್ಗೆ ಮಾತಾಡುತ್ತವೆ; ಕೊನೆಯದು ಬಹಳ ಸಲ ಬೊಟ್ಟುಮಾಡುವುದು ಥರ್ಮೋಸ್ಟಾಟಿನ ಕಡೆಗೆ.

ಒಬಿಡಿ ಕಾನೂನಿನ ಗುರಿ ಹೊಗೆಯ ನಿಯಂತ್ರಣವಾದ್ದರಿಂದ ಹವಾನಿಯಂತ್ರಣದ ಕಂಪ್ಯೂಟರ್ ಅದರ ಪರಿಧಿಯೊಳಗೆ ಬರುವುದಿಲ್ಲ. ಫೋನಿಗೆ ಜೋಡಿಸುವ ಅಗ್ಗದ ಸ್ಕ್ಯಾನರಿನಲ್ಲಿ ದೋಷವೇ ಇಲ್ಲ ಎಂದು ಬಂದರೂ ಹೀಟರಿನ ಕೋಡ್ ಒಳಗೆ ಕೂತಿರಬಹುದು. ಅದನ್ನು ಓದಲು ಆಯಾ ಕಂಪನಿಯ ಭಾಷೆ ಬಲ್ಲ ಸ್ಕ್ಯಾನರ್ ಬೇಕು. ಟೊಯೊಟಾದ ಹಲವು ಹಳೆಯ ಮಾದರಿಗಳಲ್ಲಿ ಅದೂ ಬೇಡ: ಆಟೋ ಬಟನ್ ಮತ್ತು ಒಳಗಾಳಿಯ ಬಟನ್ ಎರಡನ್ನೂ ಒತ್ತಿಹಿಡಿದು ಇಗ್ನಿಷನ್ ಆನ್ ಮಾಡಿದರೆ ಎಸಿಯ ಫಲಕದ ಮೇಲೇ ಸಂಖ್ಯೆ ಮೂಡುತ್ತದೆ. 00 ಎಂದರೆ ದೋಷವಿಲ್ಲ. 11 ಒಳಾಂಗಣದ ಸೆನ್ಸರ್, 12 ಹೊರಗಿನ ಗಾಳಿಯದು, 13 ಕೂಲಿಂಗ್ ಕಾಯಿಲಿನದು, 14 ಹೀಟರಿನ ನೀರಿನದು, 21 ಬಿಸಿಲಿನ ಸೆನ್ಸರ್. ಈ 21ರ ವಿಷಯದಲ್ಲಿ ಒಂದು ಬಲೆ ಇದೆ. ಕತ್ತಲೆಯ ಗ್ಯಾರೇಜಿನೊಳಗೆ ಪರೀಕ್ಷಿಸಿದರೆ, ಬಿಸಿಲೇ ಇಲ್ಲದ ಕಾರಣ, ಸರಿಯಿರುವ ಸೆನ್ಸರೂ ದೋಷಿಯ ಪಟ್ಟಿಗೆ ಸೇರುತ್ತದೆ. ಅದಕ್ಕೆಂದೇ ಅದರ ಮೇಲೆ 60 ವ್ಯಾಟ್ ಬಲ್ಬಿನ ಬೆಳಕು ಬಿಟ್ಟು ನೋಡುತ್ತಾರೆ. ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳಲ್ಲಿ ಬಿಸಿಲಿನ ಸೆನ್ಸರಿನ 00797 ಕೋಡಿನ ಕಥೆಯೂ ಇದೇ.

ಪತ್ತೆಯ ಕ್ರಮ

ಸಲಕರಣೆ ಹೆಚ್ಚು ಬೇಕಿಲ್ಲ. ನೇರ ಅಂಕಿ ತೋರಿಸುವ ಸ್ಕ್ಯಾನರ್, ಒಂದು ಮಲ್ಟಿಮೀಟರ್, ಒಂದು ಥರ್ಮಾಮೀಟರ್, ಆ ಮಾದರಿಯ ಓಮ್ ಪಟ್ಟಿ ಇದ್ದರೆ ಸಾಕು.

ಮೊದಲನೆಯದು ಮುಂಜಾನೆಯ ಪರೀಕ್ಷೆ. ಇಡೀ ರಾತ್ರಿ ನಿಂತ ಕಾರಿನಲ್ಲಿ ಎಂಜಿನ್, ಹೀಟರ್, ಒಳಬರುವ ಗಾಳಿ, ಹೊರಗಿನ ಗಾಳಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಡಿಗ್ರಿಯಲ್ಲಿರುತ್ತವೆ. ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಎಲ್ಲ ಸೆನ್ಸರುಗಳ ಅಂಕಿಗಳನ್ನು ಹೋಲಿಸಬೇಕು. ಮೂರು ಸೆನ್ಸರುಗಳು 21, 22, 22 ಎನ್ನುವಾಗ ನಾಲ್ಕನೆಯದು 37 ಎಂದರೆ ಕಳ್ಳ ಸಿಕ್ಕಂತೆ. ಎಲ್ಲವೂ ಒಟ್ಟಿಗೆ ತಪ್ಪಿದ್ದರೆ ಅವು ಹಂಚಿಕೊಂಡಿರುವ ಅರ್ಥ್ ತಂತಿಯನ್ನು ಶಂಕಿಸಬೇಕು.

ಮುಂದಿನದು ಕಾಯುವ ಹೊತ್ತಿನ ಪರೀಕ್ಷೆ. ಎಂಜಿನ್ ಚಾಲೂ ಮಾಡಿ ಸ್ಕ್ಯಾನರಿನಲ್ಲಿ ಗೆರೆಚಿತ್ರ ನೋಡುತ್ತ ಕೂರಬೇಕು. ಸರಿಯಿರುವ ಸೆನ್ಸರಿನ ಗೆರೆ ನಿಧಾನವಾಗಿ, ಎಲ್ಲೂ ಹಾರದೆ ಏರುತ್ತದೆ. ಮಧ್ಯೆ ಧುತ್ತನೆ ಬಿದ್ದು ಎದ್ದರೆ ಸಡಿಲ ಸಂಪರ್ಕವಿದೆ; ತಂತಿಯನ್ನು ಕೈಯಿಂದ ಅಲ್ಲಾಡಿಸುತ್ತ ಹೋದರೆ ಆ ಜಾಗ ಗೊತ್ತಾಗುತ್ತದೆ. ಚಾಲಕನ ಮುಂದಿನ ತಾಪಮಾನದ ಮೀಟರಿನ ಮುಳ್ಳನ್ನು ನಂಬಿ ತೀರ್ಪು ಕೊಡಬಾರದು. ಇಂದಿನ ಹಲವು ಕಾರುಗಳಲ್ಲಿ ನೀರಿನ ಬಿಸಿ ಒಂದು ದೊಡ್ಡ ವ್ಯಾಪ್ತಿಯೊಳಗೆ ಏರಿಳಿದರೂ ಮುಳ್ಳು ನಡುವೆಯೇ ನಿಲ್ಲುವಂತೆ ಸಾಫ್ಟ್‌ವೇರ್ ಬರೆದಿರುತ್ತಾರೆ. 2000ದ ಆಸುಪಾಸಿನ ಫೋಕ್ಸ್‌ವ್ಯಾಗನ್ ಗಾಲ್ಫಿನಂಥ ಕಾರುಗಳಲ್ಲಿ ಒಂದೇ ಕವಚದೊಳಗೆ ಎರಡು ಥರ್ಮಿಸ್ಟರುಗಳಿದ್ದವು, ನಾಲ್ಕು ಪಿನ್. ಜಿ62 ಎಂಜಿನ್ ಕಂಪ್ಯೂಟರಿಗೆ, ಜಿ2 ಮೀಟರಿಗೆ. ಒಂದು ಸತ್ತರೂ ಇನ್ನೊಂದು ಬದುಕಿರುತ್ತಿದ್ದುದರಿಂದ ಮುಳ್ಳು 90 ತೋರಿಸುತ್ತಿದ್ದಾಗಲೂ ಕಂಪ್ಯೂಟರ್ ಬೇರೇನನ್ನೋ ಓದುತ್ತಿರುತ್ತಿತ್ತು.

ಕಪ್ಲರ್ ಕಳಚುವ ಪರೀಕ್ಷೆ ಎಲ್ಲಕ್ಕಿಂತ ಸುಲಭ. ಸೆನ್ಸರಿನ ಕಪ್ಲರ್ ತೆಗೆದಾಗ ಸ್ಕ್ಯಾನರಿನ ಅಂಕಿ ಮೈನಸ್ 40ಕ್ಕೆ ಇಳಿಯಬೇಕು. ಕಪ್ಲರಿನ ಎರಡೂ ಪಿನ್ನುಗಳನ್ನು ತುಂಡು ತಂತಿಯಿಂದ ಜೋಡಿಸಿದಾಗ 130 ಡಿಗ್ರಿಗೂ ಮೇಲೆ ಏರಬೇಕು. ಎರಡೂ ಹಾಗೆಯೇ ಆದರೆ ತಂತಿ, ಅರ್ಥ್, ಕಂಪ್ಯೂಟರ್ ಮೂರೂ ನಿರ್ದೋಷಿಗಳು. ತಪ್ಪು ಸೆನ್ಸರಿನದು ಅಥವಾ ಅದರ ಪಿನ್ನುಗಳದು. ಅಂಕಿ ಅಲ್ಲಾಡದಿದ್ದರೆ ಹೊಸ ಸೆನ್ಸರ್ ತಂದು ಪ್ರಯೋಜನವಿಲ್ಲ. ಕೆಲವು ಕಾರುಗಳು ದೋಷ ಕಂಡೊಡನೆ ಸುಳ್ಳು ಅಂಕಿಯನ್ನು ಬದಿಗಿಟ್ಟು ತಮ್ಮದೇ ಊಹೆಯ ಅಂಕಿಯನ್ನು ತೋರಿಸುತ್ತವೆ. ಅಂಥಲ್ಲಿ ಮಲ್ಟಿಮೀಟರಿನಿಂದ ನೇರವಾಗಿ ವೋಲ್ಟ್ ಅಳೆಯುವುದೇ ದಾರಿ. ಕಪ್ಲರ್ ಕಳಚಿದಾಗ ಅಲ್ಲಿ 5 ವೋಲ್ಟ್ ಇರಬೇಕು.

ಕೊನೆಯದು ಬಿಸಿನೀರಿನ ಪರೀಕ್ಷೆ. ಸೆನ್ಸರನ್ನು ಬಿಚ್ಚಿ, ಥರ್ಮಾಮೀಟರಿನ ಜೊತೆ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ಒಲೆಯ ಮೇಲೆ ಕಾಯಿಸುತ್ತ ಹತ್ತು ಡಿಗ್ರಿಗೊಮ್ಮೆ ಓಮ್ ಬರೆದುಕೊಂಡು ಪಟ್ಟಿಯೊಡನೆ ಹೋಲಿಸಬೇಕು. ಬೆಂಗಳೂರಿನಲ್ಲಿ ಇದನ್ನು ಮಾಡುವವರು ಒಂದು ಸಂಗತಿ ನೆನಪಿಡಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುದಿಯುವ ನೀರು ಎಂದರೆ 100 ಎಂದುಕೊಂಡು 187 ಓಮ್ ನಿರೀಕ್ಷಿಸಿದವರಿಗೆ 200ರ ಆಸುಪಾಸು ಸಿಕ್ಕಾಗ, ಸರಿಯಿರುವ ಸೆನ್ಸರ್ ಕೆಟ್ಟದ್ದಾಗಿ ಕಾಣುತ್ತದೆ.

ಸೆನ್ಸರಿನ ಮೇಲೆ ಬೀಳುವ ಪರರ ತಪ್ಪು

ಹೀಟರಿನಿಂದ ಬಿಸಿ ಬರದಿರುವುದಕ್ಕೆ ಸೆನ್ಸರಿಗಿಂತ ಸಾಮಾನ್ಯವಾದ ಕಾರಣಗಳಿವೆ. ಕೂಲೆಂಟ್ ಕಡಿಮೆಯಾಗಿ, ಒಳಗೆ ಗಾಳಿ ಸಿಕ್ಕಿಕೊಂಡು ಏರ್‌ಲಾಕ್ ಆದರೆ ಕಾರು ನಿಂತಾಗ ತಣ್ಣನೆಯ ಗಾಳಿ, ಆಕ್ಸಿಲರೇಟರ್ ಒತ್ತಿದಾಗ ಬಿಸಿಗಾಳಿ ಬರುತ್ತದೆ. ಸೆನ್ಸರಿನ ಸುತ್ತ ನೀರಿನ ಬದಲು ಗಾಳಿಗುಳ್ಳೆ ನಿಂತರೆ ಅದರ ಅಂಕಿಯೂ ಕುಣಿಯುತ್ತದೆ. ಹೀಟರಿಗೆ ಹೋಗುವ ಎರಡು ಹೋಸ್‌ಗಳನ್ನು ಮುಟ್ಟಿ ನೋಡಿದರೆ ಇನ್ನಷ್ಟು ತಿಳಿಯುತ್ತದೆ. ಎರಡೂ ಬಿಸಿಯಾಗಿದ್ದರೆ ನೀರು ಹರಿಯುತ್ತಿದೆ, ತೊಂದರೆ ಫ್ಲಾಪಿನ ಕಡೆ ಇದೆ. ಒಂದು ಸುಡುತ್ತ ಇನ್ನೊಂದು ತಣ್ಣಗಿದ್ದರೆ ಹೀಟರ್ ಕೋರ್ ಕಟ್ಟಿಕೊಂಡಿದೆ ಅಥವಾ ವಾಲ್ವ್ ಮುಚ್ಚಿದೆ. ಮುಟ್ಟುವ ಬದಲು ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸುವವರು ಹೊಳೆಯುವ ಅಲ್ಯುಮಿನಿಯಂ ಮೇಲೆ ಅಳೆಯಬಾರದು. ಅಲ್ಲಿ ಅಂಕಿ ತೀರಾ ಕಡಿಮೆ ಬರುತ್ತದೆ. ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆದರೆ ಸರಿ.

ಭಾರತದ ಗ್ಯಾರೇಜುಗಳ ಒಂದು ಹಳೆಯ ಚಾಳಿ ಈ ಪತ್ತೆಯನ್ನು ದಾರಿ ತಪ್ಪಿಸುತ್ತದೆ. ಎಂಜಿನ್ ಅತಿಯಾಗಿ ಕಾದರೆ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತೆಸೆಯುವುದು ಇಲ್ಲಿ ಸುಲಭದ ಪರಿಹಾರ. ಆಮೇಲೆ ಹೆದ್ದಾರಿಯಲ್ಲಿ ಓಡುವಾಗ ನೀರು ಸರಿಯಾಗಿ ಕಾಯುವುದೇ ಇಲ್ಲ, ಹೀಟರ್ ಉಗುರುಬೆಚ್ಚಗಿನ ಗಾಳಿ ಕೊಡುತ್ತದೆ, ಪಿ0128 ಕೋಡ್ ಬರುತ್ತದೆ. ಆ ಕಾರಿಗೆ ಎಷ್ಟು ಸೆನ್ಸರ್ ಬದಲಿಸಿದರೂ ಕೋಡ್ ಹೋಗದು, ಏಕೆಂದರೆ ಸೆನ್ಸರ್ ನಿಜವನ್ನೇ ಹೇಳುತ್ತಿದೆ.

ಒಳಾಂಗಣದ ಸೆನ್ಸರಿಗೆ ಬರುವ ತೊಂದರೆ ಇನ್ನೊಂದು ಬಗೆಯದು. ಡ್ಯಾಶ್‌ಬೋರ್ಡಿನ ಪುಟ್ಟ ಜಾಲರಿಯ ಹಿಂದೆ ಕೂತ ಅದರ ಮೇಲೆ ಕಾರಿನೊಳಗಿನ ಗಾಳಿ ಸದಾ ಹಾಯುತ್ತಿರಬೇಕು. ಧೂಳು ಕಟ್ಟಿ ಗಾಳಿ ನಿಂತರೆ ಅದು ಅಳೆಯುವುದು ಡ್ಯಾಶ್‌ಬೋರ್ಡಿನ ಕಾವನ್ನು. ಬ್ಲೋವರ್ ಓಡುವಾಗ ಜಾಲರಿಯ ಮೇಲೆ ತೆಳು ಟಿಶ್ಯೂ ಚೂರು ಇಟ್ಟರೆ ಅದು ಅಲ್ಲೇ ಅಂಟಿಕೊಳ್ಳಬೇಕು. ಬಿದ್ದರೆ ಸೆನ್ಸರ್ ಬದಲಿಸುವ ಮೊದಲು ಧೂಳು ತೆಗೆಯಬೇಕು.

ಕರ್ನಾಟಕದ ರಸ್ತೆಗಳಲ್ಲಿ

ಕಲಬುರಗಿ, ರಾಯಚೂರುಗಳಲ್ಲಿ ಹೀಟರಿನ ಗುಂಡಿಯನ್ನು ಮುಟ್ಟದೆ ವರ್ಷಗಟ್ಟಲೆ ಕಾರು ಓಡಿಸುವವರಿದ್ದಾರೆ. ಅಲ್ಲಿ ಕೂಲಿಂಗ್ ಕಾಯಿಲಿನ ಸೆನ್ಸರಿಗೇ ಕೆಲಸ ಹೆಚ್ಚು. ಅದು ಕೆಟ್ಟರೆ ಕಂಪ್ರೆಸರ್ ಬೇಗ ಬೇಗ ಕಟ್-ಆಫ್ ಆಗುತ್ತದೆ, ಇಲ್ಲವೇ ಕಾಯಿಲಿನ ಮೇಲೆ ಹಿಮ ಕಟ್ಟಿ ಗಾಳಿಯೇ ನಿಲ್ಲುತ್ತದೆ. ಅದರೊಳಗೂ ಇರುವುದು ಥರ್ಮಿಸ್ಟರೇ, ಪರೀಕ್ಷೆಯ ಕ್ರಮವೂ ಇದೇ. ಮಳೆಗಾಲದಲ್ಲಿ ಆಗುಂಬೆ, ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ಹತ್ತುವವರಿಗೆ, ಮಡಿಕೇರಿಯ ಚಳಿಯಲ್ಲಿ ಓಡಾಡುವವರಿಗೆ ಮಾತ್ರ ಹೀಟರ್ ನಿಜವಾಗಿ ಬೇಕಾಗುತ್ತದೆ. ಎಸಿ ಗಾಳಿಯ ತೇವವನ್ನು ಹೀರುತ್ತದೆ, ಹೀಟರ್ ಅದೇ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಎರಡೂ ಒಟ್ಟಿಗೆ ಓಡಿದಾಗ ಗಾಜಿನ ಮಂಜು ಬೇಗ ಬಿಡುತ್ತದೆ. ತಿಂಗಳುಗಟ್ಟಲೆ ಬಳಸದೆ ಬಿಟ್ಟ ಹೀಟರಿನ ದೋಷ ಬಯಲಾಗುವುದೂ ಅಂಥ ಹೊತ್ತಿನಲ್ಲೇ. ನಿಂತ ಕಾರಿನ ಬಾನೆಟ್ ಒಳಗೆ ಇಲಿಗಳು ತಂತಿ ಕಡಿಯುವುದು ಇಲ್ಲಿ ದಿನನಿತ್ಯದ ದೂರು; ಮೈನಸ್ 40 ಕಂಡಾಗ ಮೊದಲು ಹಲ್ಲಿನ ಗುರುತು ಹುಡುಕುವುದು ಒಳ್ಳೆಯದು.

ಬದಲಿಸುವಾಗ

ಕೂಲೆಂಟಿನಲ್ಲಿ ಮುಳುಗಿರುವ ಸೆನ್ಸರನ್ನು ಎಂಜಿನ್ ಪೂರ್ತಿ ತಣಿದ ಮೇಲಷ್ಟೇ ಬಿಚ್ಚಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ನೀರು ಹಬೆಯಾಗಿ ಚಿಮ್ಮಿ ಮುಖ, ಕೈ ಸುಡುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಹಳದಿ ತಂತಿ, ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು. ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿ ಕೆಲವು ನಿಮಿಷ ಕಾಯದೆ ಅಲ್ಲಿ ಕೈ ಹಾಕಬಾರದು. ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಹರಿಯುತ್ತದೆ. ಎಂಜಿನ್ನಿನ ಬಿಸಿನೀರಿಲ್ಲದ ಈ ಕಾರುಗಳಲ್ಲಿ ವಿದ್ಯುತ್ ಹೀಟರ್ ಅಥವಾ ಹೀಟ್ ಪಂಪ್ ಇರುತ್ತದೆ. ಅವುಗಳ ಸೆನ್ಸರ್ ಪರೀಕ್ಷೆ ತರಬೇತಿ ಪಡೆದವರಿಗೇ ಬಿಟ್ಟ ಕೆಲಸ.

ಹೊಸ ಸೆನ್ಸರಿನ ಕಪ್ಲರ್ ಒಂದೇ ಆಕಾರದ್ದಾಗಿದ್ದರೂ ಓಮ್ ಪಟ್ಟಿ ಬೇರೆ ಇರಬಹುದು. ಪಾರ್ಟ್ ನಂಬರ್ ನೋಡಿಯೇ ಕೊಳ್ಳಬೇಕು. ಹಾಕಿದ ಮೇಲೆ ಕೋಡ್ ಅಳಿಸಿ, ಏರ್‌ಲಾಕ್ ತೆಗೆದು, ಮಾರನೆಯ ಮುಂಜಾನೆ ಎಲ್ಲ ಸೆನ್ಸರುಗಳ ಅಂಕಿಗಳನ್ನು ಇನ್ನೊಮ್ಮೆ ಹೋಲಿಸಿದರೆ ಕೆಲಸ ಮುಗಿಯಿತು. ಸೆನ್ಸರ್ ಬದಲಿಸಬೇಕು ಎಂದು ಗ್ಯಾರೇಜಿನವರು ಹೇಳಿದಾಗ ಕಾರಿನ ಮಾಲೀಕರು ಎರಡೇ ಪ್ರಶ್ನೆ ಕೇಳಲಿ: ಎಷ್ಟು ಡಿಗ್ರಿಯಲ್ಲಿ ಎಷ್ಟು ಓಮ್ ಬಂತು, ಕಪ್ಲರ್ ಕಳಚಿದಾಗ ಸ್ಕ್ಯಾನರ್ ಏನು ತೋರಿಸಿತು? ಉತ್ತರ ಸಿಗದಿದ್ದರೆ ಹಣ ಕೊಡುವ ಮೊದಲು ಅಳೆದು ನೋಡುವಂತೆ ಹೇಳಬೇಕು.